ತಲಾ ಎಷ್ಟು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಈ ಹಳ್ಳಿಗೆ ನಾನು ಮದುವೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಹಿರಿಯೂರಿಗೆ ಹೋದಾಗಲೆಲ್ಲ ಅಲ್ಲಿನವರು ಕೇಳುವ ಮೊದಲ ಪ್ರಶ್ನೆ ಇನ್ನೂ ಅದೇ: "ಅಲ್ಲಾ, ಕೇರಳದಲ್ಲಿ ಕನ್ನಡ ಶಾಲೆ ಇದೆಯೇನೇ?" ಇದೆ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಆ ದಿನ ಇದು ಕೇರಳಕ್ಕೆ ಸೇರಿದರೂ ಕನ್ನಡ ಮಾಧ್ಯಮದ ತರಗತಿಗಳು ನಿಲ್ಲಲಿಲ್ಲ. ನಮ್ಮ ಮನೆಯ ಸಿಟೌಟಿನಲ್ಲಿ (ಜಗಲಿಗೆ ಇಲ್ಲಿ ಎಲ್ಲರೂ ಹಾಗೇ ಹೇಳುವುದು) ಸಂಜೆ ಪಾಠಕ್ಕೆ ಬಂದು ಕೂರುವ ಎಂಟು ಮಕ್ಕಳೂ ಅಂಥ ತರಗತಿಗಳವರೇ. ಮೂರನೆಯ, ನಾಲ್ಕನೆಯ ಕ್ಲಾಸು.

ಆದರೆ ಊರಿನವರಿಗೆ ಹೇಳಿದರೆ ನಂಬದ ಸಂಗತಿ ಬೇರೆ ಇದೆ. ಈ ಎಂಟರಲ್ಲಿ ಮನೆಯಲ್ಲಿ ಕನ್ನಡ ಆಡುವವರು ಇಬ್ಬರೇ, ಅದೂ ಹವ್ಯಕ ಕನ್ನಡ. ಮೂವರದು ತುಳು, ಇಬ್ಬರದು ಮಲಯಾಳ, ಒಬ್ಬಳದು ಮರಾಟಿ. ಪುಸ್ತಕದ ಕನ್ನಡ ಎಲ್ಲರಿಗೂ ಶಾಲೆಗೆ ಹೋದ ಮೇಲೆ ಬಂದದ್ದು. ಓದಿಸಿದರೆ ಗಡಗಡ ಓದುತ್ತಾರೆ. ಲೆಕ್ಕಕ್ಕೆ ಬಂದಾಗ, ಅದರಲ್ಲೂ ಭಾಗಾಕಾರಕ್ಕೆ ಬಂದಾಗ, ಅವರು ಎಲ್ಲಿ ನಿಂತುಬಿಡುತ್ತಾರೆ ಎಂಬುದು ನನಗೆ ಬಹಳ ದಿನ ತಿಳಿಯಲಿಲ್ಲ.

ಒಂದು ದಿನ ಕೇಳಿದೆ: "ಹನ್ನೆರಡು ಪೇರಳೆ, ಮೂವರು ಮಕ್ಕಳು. ತಲಾ ಎಷ್ಟು?" ಮಲಯಾಳ ಮನೆಯ ಹುಡುಗ ನನ್ನ ಮುಖ ನೋಡಿ, ನಿಧಾನಕ್ಕೆ ತನ್ನ ತಲೆಯ ಮೇಲೆ ಕೈ ಇಟ್ಟುಕೊಂಡ. ಉಳಿದವರು ನಕ್ಕರು. ಅವನ ಕಣ್ಣಲ್ಲಿ ನೀರು ಬಂತು. ಮಲಯಾಳದಲ್ಲಿ ತಲ ಅಂದರೆ ತಲೆ. ಅವನು ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ, ನಮಗಿಂತ ಸರಿಯಾಗಿ ಕೇಳಿಸಿಕೊಂಡಿದ್ದ. ನಮ್ಮ 'ತಲಾ' ಕೂಡ ತಲೆಗೆ ಇಷ್ಟು ಎಂದೇ ಅಲ್ಲವೇ? ಇಷ್ಟು ವರ್ಷ ಆ ಮಾತು ಆಡುತ್ತಿದ್ದರೂ ಅದರೊಳಗಿನ ತಲೆ ನನ್ನ ಗಮನಕ್ಕೆ ಬಂದಿರಲಿಲ್ಲ. ಅವನನ್ನೇ ಎಬ್ಬಿಸಿ ಪೇರಳೆ ಬುಟ್ಟಿ ಕೈಗೆ ಕೊಟ್ಟೆ. ಮೂವರನ್ನು ಸಾಲಾಗಿ ಕೂರಿಸಿದೆ. ಒಂದು ತಲೆ ಮುಟ್ಟಿ ಒಂದು ಪೇರಳೆ, ಮುಂದಿನ ತಲೆ ಮುಟ್ಟಿ ಇನ್ನೊಂದು. ನಾಲ್ಕು ಸುತ್ತಿಗೆ ಬುಟ್ಟಿ ಖಾಲಿಯಾಯಿತು. "ತಲಾ ನಾಲ್ಕು, ಟೀಚರ್," ಎಂದ. ಆಮೇಲೆ ಆ ಪದ ಯಾರಿಗೂ ಮರೆಯಲಿಲ್ಲ.

ಅದು ಆಟಿ, ತುಳುವರ ಮಳೆಗಾಲದ ತಿಂಗಳು. ಹೊರಗೆ ಕಾಲಿಡಲಾಗದ ಮಳೆ. ಪಕ್ಕದ ಮನೆಯ ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸಿದ್ದರು. ನೀವು ನೋಡಿರದಿದ್ದರೆ ಹೇಳುತ್ತೇನೆ. ಒಂದು ಮೊಳದಷ್ಟು ಉದ್ದದ ಮರದ ಮಣೆ, ಅದರಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಬೀಜದ ಕಾಯಿ ಹಾಕಿ ಆಟ ಶುರು. ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತ ಹೋಗುವುದು. ಅಜ್ಜಿಯ ಬೆರಳು ಹಾಗೆ ಹೋಗುವುದನ್ನು ನೋಡುತ್ತಿದ್ದಾಗ, ಹಂಚುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಲಕರಣೆ ಬೇರೆ ಬೇಡ ಅನ್ನಿಸಿತು. ಕೇಳಿ ಇಸಕೊಂಡು ಬಂದೆ.

ಐವತ್ತಾರು ಕಾಯಿ ಬುಟ್ಟಿಗೆ ಸುರಿದು, "ಒಂದೇ ಸಾಲಿಗೆ ಹಂಚಿ," ಎಂದೆ. ಏಳು ಗುಳಿಗೂ ಎಂಟೆಂಟು ಬಂತು. "ಈಗ ಎರಡೂ ಸಾಲಿಗೆ." ನಾಲ್ಕು ನಾಲ್ಕು. ಗುಳಿ ಇಮ್ಮಡಿಯಾದರೆ ಪಾಲು ಅರ್ಧವಾಗುತ್ತದೆ ಎಂದು ನಾನು ಹೇಳಲೇ ಇಲ್ಲ; ಮರಾಟಿ ಮನೆಯ ಹುಡುಗಿ ತಾನೇ ಹೇಳಿದಳು. 'ಪಾಲು' ಎಂಬ ಮಾತಂತೂ ತುಳುವಿನವರಿಗೂ ಹವ್ಯಕರಿಗೂ ಮನೆಯದೇ. ಶೇಷ ಎಂಬ ಪದವನ್ನು ಕೂಡ ಸ್ವಲ್ಪ ದಿನ ಪಕ್ಕಕ್ಕಿಟ್ಟೆ. ಬಾಕಿ ಅಂದರೆ ತುಳು, ಮಲಯಾಳ, ಕನ್ನಡ ಮೂರೂ ಮನೆಯವರಿಗೆ ಗೊತ್ತು. ಮೊದಲು ಬಾಕಿ, ಆಮೇಲೆ ಶೇಷ.

ಪದದ ಬಗ್ಗೆ ನಾನಿಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಹತ್ತಿರದ ಒಂದು ಶಾಲೆಯ ಕನ್ನಡ ತರಗತಿಗೆ ಕನ್ನಡವೇ ಬಾರದ ಅಧ್ಯಾಪಕರನ್ನು ನೇಮಿಸಿದ್ದರು. ಈ ಜಿಲ್ಲೆಯ ಕನ್ನಡಿಗರಿಗೆ ಇದು ಹಳೆಯ ನೋವು. ಬಂದವರು ಒಳ್ಳೆಯವರೇ, ದುಡಿಯುವವರೇ. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸುತ್ತಿದ್ದರು, ಮಕ್ಕಳು ಬರೆದುಕೊಳ್ಳುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಎಲ್ಲ ಸರಿ. ಆದರೆ ವಾಕ್ಯದಲ್ಲಿ ಲೆಕ್ಕ ಕೊಟ್ಟರೆ ಮಕ್ಕಳು, "ಇದು ಕೂಡಿಸುವುದಾ, ಭಾಗಿಸುವುದಾ?" ಎಂದು ಕೇಳುತ್ತಿದ್ದರು. ಚಿಹ್ನೆ ಗೊತ್ತು, ಕೆಲಸ ಗೊತ್ತಿಲ್ಲ. ಮಗು ಒಂದು ವರ್ಷ ಹಾಗೆ ಕಳೆದರೆ ಅದನ್ನು ಯಾರು ತಂದುಕೊಡುತ್ತಾರೆ? ಈ ಮಾತು ಬರೆಯುವಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ತರಗತಿಯಿಂದಲೇ ಒಂದು ಪದ ನಮ್ಮ ಸಿಟೌಟಿಗೆ ಬಂತು: ಹರಣಂ. ಮಲಯಾಳದಲ್ಲಿ ಭಾಗಾಕಾರಕ್ಕೆ ಹಾಗೆನ್ನುತ್ತಾರೆ. ಯಕ್ಷಗಾನ ಅಂದರೆ ಪ್ರಾಣ ಬಿಡುವ ತುಳು ಹುಡುಗನೊಬ್ಬ ಕೇಳಿದ, "ಹರಣ ಅಂದ್ರೆ ಹೊತ್ತುಕೊಂಡು ಹೋಗುವುದಲ್ವಾ ಟೀಚರ್? ರಾವಣ ಸೀತೆಯನ್ನು ಹೊತ್ತುಕೊಂಡು ಹೋದ ಹಾಗೆ? ಇದರಲ್ಲಿ ಯಾರು ಯಾರನ್ನು ಹೊತ್ತುಕೊಂಡು ಹೋಗುವುದು?"

ಆಗ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ನಾಲ್ಕನೆಯ ಕ್ಲಾಸಿನ ಒಬ್ಬ ಹುಡುಗಿಯಿಂದ. ಅವಳ ಅಜ್ಜಿ ಬೀಡಿ ಕಟ್ಟುತ್ತಾರೆ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಒಮ್ಮೆ 200 ÷ 25 ಕೊಟ್ಟಿದ್ದೆ. ಅವಳು ಕಾಗದದ ಮೇಲೆ ಇಪ್ಪತ್ತೈದು ಸೊನ್ನೆ ಬರೆದು, ಪ್ರತಿಯೊಂದಕ್ಕೂ ಒಂದೊಂದು ಗೆರೆ ಎಳೆಯುತ್ತ ಕೂತಿದ್ದಳು. ಚೆನ್ನೆಮಣೆಯಲ್ಲಿ ನಾನು ಕಲಿಸಿದ್ದು ಅದನ್ನೇ, ಇಪ್ಪತ್ತೈದು ಗುಳಿಗೆ ಹಂಚುವುದನ್ನು. ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಸುಮ್ಮನೆ ಕೇಳಿದೆ, "ಅಜ್ಜಿ ಇನ್ನೂರು ಬೀಡಿ ಕಟ್ಟಿದರೆ ಎಷ್ಟು ಕಟ್ಟು?" ತಲೆ ಎತ್ತದೆ ಹೇಳಿದಳು: "ಎಂಟು. ನೂರಕ್ಕೆ ನಾಲ್ಕಲ್ವಾ?"

ಅವಳಿಗೆ ಭಾಗಾಕಾರ ಬರುತ್ತಿತ್ತು. ನಾನು ಅದರ ಒಂದು ಮುಖವನ್ನಷ್ಟೇ ಕಲಿಸಿದ್ದೆ. ಹನ್ನೆರಡನ್ನು ಮೂವರಿಗೆ ಹಂಚಿದರೆ ತಲಾ ಎಷ್ಟು ಎನ್ನುವುದು ಒಂದು ಕೆಲಸ. ಹನ್ನೆರಡರಿಂದ ಮೂರು ಮೂರು ಎತ್ತುತ್ತ ಹೋದರೆ ಎಷ್ಟು ಸಲ ಎತ್ತಬಹುದು ಎನ್ನುವುದು ಇನ್ನೊಂದು. ಉತ್ತರ ಎರಡಕ್ಕೂ ನಾಲ್ಕೇ, ಕೈ ಮಾಡುವ ಕೆಲಸ ಮಾತ್ರ ಬೇರೆ. ಮೊದಲನೆಯದು ಭಾಗ, ಎರಡನೆಯದು ಹರಣ. ರಾಶಿಯಿಂದ ಕಟ್ಟು ಕಟ್ಟಾಗಿ ಹೊತ್ತುಕೊಂಡು ಹೋಗುವುದು! ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯರಂಥ ಹಳೆಯ ಗಣಿತಜ್ಞರು ಈ ಕ್ರಿಯೆಯನ್ನು ಕರೆಯುತ್ತಿದ್ದದ್ದು ಭಾಗಹಾರ ಎಂದು. ಎರಡೂ ಪದ ಒಂದೇ ಹೆಸರಿನಲ್ಲಿವೆ. ಗಡಿಯ ಈಚೆ ಒಂದು ತುಂಡು, ಆಚೆ ಒಂದು ತುಂಡು ಉಳಿದ ಹಾಗೆ ನನಗೆ ಕಂಡಿತು. ಹುಡುಗನನ್ನು ಕರೆದು ಹೇಳಿದೆ, "ನೀನು ಕೇಳಿದ್ದು ಸರಿ. ಇಲ್ಲಿ ಕಟ್ಟನ್ನು ಹೊತ್ತುಕೊಂಡು ಹೋಗುವುದು."

ಆಮೇಲೆ ಆ ಹುಡುಗಿ ಕಾಗದದ ಮೇಲೂ ಹಾಗೇ ಮಾಡಿದಳು. 200ರಿಂದ 25 ಕಳೆದು 175, ಮತ್ತೆ ಕಳೆದು 150. ಮೂರನೆಯ ಸಲಕ್ಕೆ ಬೇಸರ ಬಂದು ನಾಲ್ಕು ಕಟ್ಟನ್ನು ಒಟ್ಟಿಗೇ ಎತ್ತಿದಳು: 100 ಕಳೆದು 50. ಅಲ್ಲಿಗೆ ಮಗ್ಗಿ ಯಾಕೆ ಬೇಕು ಎಂಬುದೂ ತಿಳಿಯಿತು. ಬೇಗ ಎತ್ತಲಿಕ್ಕೆ.

ಉದ್ದ ಭಾಗಾಕಾರದಲ್ಲಿ ಎಲ್ಲರೂ ಎಡವುವ ಜಾಗ ಒಂದೇ. 612ನ್ನು 6ರಿಂದ ಭಾಗಿಸಿದರೆ ಎಂಟರಲ್ಲಿ ಐವರು 12 ಎಂದು ಬರೆದರು. ನಡುವಿನ ಸೊನ್ನೆ ಮಾಯ. ನಾನು ಡಬ್ಬದಿಂದ ನೂರರ ಆರು ನೋಟು, ಹತ್ತರ ಒಂದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ತೆಗೆದೆ. ಆರು ಮಂದಿಗೆ ತಲಾ ಒಂದು ನೂರು ಸಿಕ್ಕಿತು. ಹತ್ತರ ನೋಟು ಒಂದೇ. ಆರು ಮಂದಿಗೆ ಸಾಲದು, ಹರಿದು ಕೊಡಲಾಗದು. ಆದ್ದರಿಂದ ಹತ್ತರ ಜಾಗದಲ್ಲಿ ಯಾರಿಗೂ ಏನೂ ಇಲ್ಲ, ಅಲ್ಲಿ ಸೊನ್ನೆ ಬರೆಯಬೇಕು. ನೋಟಿಗೆ ಚಿಲ್ಲರೆ ಮಾಡಿಸಿದರೆ ಒಟ್ಟು ಹನ್ನೆರಡು ನಾಣ್ಯ, ತಲಾ ಎರಡು. ನೂರ ಎರಡು. ಕೈಯಲ್ಲಿ ನೂರರ ನೋಟು ಹಿಡಿದವನು "ನನಗೆ ಹನ್ನೆರಡೇ ರೂಪಾಯಿ" ಎಂದು ಹೇಗೆ ಬರೆಯುತ್ತಾನೆ?

ಬಾಕಿಯ ವಿಷಯ ಬಂದಾಗ ಒಂದು ಲೆಕ್ಕ ಕೊಟ್ಟೆ. ಹದಿನಾಲ್ಕು ಮಕ್ಕಳು, ರಿಕ್ಷಾಕ್ಕೆ ಮೂವರು, ಎಷ್ಟು ರಿಕ್ಷಾ? ಎಲ್ಲರೂ "ನಾಲ್ಕು, ಬಾಕಿ ಎರಡು" ಎಂದು ಬರೆದು ಪೆನ್ಸಿಲ್ ಇಟ್ಟರು. ಮರಾಟಿ ಹುಡುಗಿ ಮಾತ್ರ ಇಡಲಿಲ್ಲ. "ಬಾಕಿ ಇಬ್ಬರನ್ನು ಮಳೆಯಲ್ಲಿ ಬಿಟ್ಟು ಹೋಗುವುದಾ ಟೀಚರ್?" ಐದು ಎಂದು ತಿದ್ದಿಕೊಂಡಳು.

ಸೋಣ ತಿಂಗಳು ಬಂತು. ಪಕ್ಕದ ಅಜ್ಜಿ ಬೇಲಿಯ ಆಚೆಯಿಂದ ಕೂಗಿದರು: "ಟೀಚರ್, ಆಟಿ ಕಳೀತಲ್ಲ, ಇನ್ನು ಮಣೆ ಕೆಳಗೆ ಇಡ್ಲಿಕ್ಕಿಲ್ಲ, ಅಟ್ಟಕ್ಕೆ ಹಾಕಬೇಕು." ಕಾಯಿ ಎಣಿಸಿ ಕೊಡಿ ಎಂದು ಮಕ್ಕಳಿಗೆ ಹೇಳಿದೆ. ಯಾರೂ ಎಣಿಸಲಿಲ್ಲ. ತಲೆ ಮುಟ್ಟಿಕೊಂಡಿದ್ದ ಆ ಹುಡುಗ ಬುಟ್ಟಿ ಮಡಿಲಿಗೆ ಎಳೆದುಕೊಂಡು ಗುಳಿಗೆ ನಾಲ್ಕರಂತೆ ತುಂಬುತ್ತ ಹೋದ. ಕೊನೆಯ ಗುಳಿಗೆ ಮೂರೇ ಬಿತ್ತು. ಮಣೆಯನ್ನು ನನ್ನ ಕಡೆ ತಿರುಗಿಸಿ, "ಒಂದು ಇಲ್ಲ, ಟೀಚರ್," ಎಂದ.

ಚಾಪೆ ಎತ್ತಿದೆವು, ಚೀಲಗಳನ್ನು ಕೊಡವಿದೆವು. ಕತ್ತಲಾಗುವಾಗ ಅದು ಹವ್ಯಕ ಹುಡುಗಿಯ ಕೊಡೆಯ ಮಡಿಕೆಯಲ್ಲಿ ಸಿಕ್ಕಿತು.