ಕ್ಯಾಂಪ್ ರಾಂಡಲ್‌ನಲ್ಲಿ ತೊಂಬತ್ತೊಂಬತ್ತು ಗಜ

ದೀಪಾವಳಿ ಮುಗಿದು ಇನ್ನೂ ವಾರ ತುಂಬಿರಲಿಲ್ಲ. 1999ರ ನವೆಂಬರ್ 13ರ ಶನಿವಾರ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ, ಕೆಂಪು ಅಂಗಿ ತೊಟ್ಟ ಜನರ ನಡುವೆ ನಾನೂ ಒಬ್ಬನಾಗಿ ಕ್ಯಾಂಪ್ ರಾಂಡಲ್ ಕ್ರೀಡಾಂಗಣದತ್ತ ಹೆಜ್ಜೆ ಹಾಕುತ್ತಿದ್ದಾಗ, ಸುತ್ತಲಿನ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಸಂಖ್ಯೆ: ತೊಂಬತ್ತೊಂಬತ್ತು. ನಮ್ಮ ವಿಶ್ವವಿದ್ಯಾಲಯ ತಂಡದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಆಟಗಾರ, ರಾನ್ ಡೇನ್ ಅಂದು ಅಯೋವಾ ತಂಡದ ಎದುರು 99 ಗಜ ಓಡಿದರೆ, ಕಾಲೇಜು ಮಟ್ಟದ ಅಮೆರಿಕನ್ ಫುಟ್‌ಬಾಲಿನ ಉನ್ನತ ವಿಭಾಗದಲ್ಲಿ ಚೆಂಡು ಹಿಡಿದು ಅತಿ ಹೆಚ್ಚು ದೂರ ಓಡಿದವರ ಪಟ್ಟಿಯಲ್ಲಿ ಮೊದಲಿಗರಾಗುತ್ತಿದ್ದರು. ಆ ಸ್ಥಾನ ಆಗ ಟೆಕ್ಸಸ್ ವಿಶ್ವವಿದ್ಯಾಲಯದ ರಿಕಿ ವಿಲಿಯಮ್ಸ್ ಅವರದಾಗಿತ್ತು. ಪಿಟ್ಸ್‌ಬರ್ಗ್‌ನ ಟೋನಿ ಡಾರ್ಸೆಟ್ 1976ರಲ್ಲಿ ಮುಗಿಸಿಹೋದ 6,082 ಗಜಗಳ ದಾಖಲೆ ಇಪ್ಪತ್ತೆರಡು ವರ್ಷ ಅಲುಗಾಡದೆ ನಿಂತಿತ್ತು. ಅದನ್ನು ದಾಟಿ ವಿಲಿಯಮ್ಸ್ 6,279ಕ್ಕೆ ಒಯ್ದು ಆಗ ಒಂದು ವರ್ಷವೂ ಆಗಿರಲಿಲ್ಲ.

ಡೇನ್ ಮತ್ತು ನಾನು ಮ್ಯಾಡಿಸನ್‌ಗೆ ಬಂದದ್ದು ಒಂದೇ ವರ್ಷ, 1996ರಲ್ಲಿ. ಅವರು ನ್ಯೂಜೆರ್ಸಿಯ ಬರ್ಲಿನ್ ಎಂಬ ಊರಿನಿಂದ, ಚಿಕ್ಕಂದಿನಲ್ಲೇ ಮನೆ ಒಡೆದು ಸಂಬಂಧಿಕರ ಆಶ್ರಯದಲ್ಲಿ ಬೆಳೆದು, ಶಾಲೆಯಲ್ಲಿ ಡಿಸ್ಕಸ್ ಎಸೆತದಲ್ಲೂ ಹೆಸರು ಮಾಡಿ ಬಂದವರು. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ಮಣ್ಣಿನ ಕುರಿತು ಸಂಶೋಧನೆ ಮಾಡಲು ಬಂದವನು. ಮೊದಲ ಎರಡು ವರ್ಷ ನಾನು ಈ ಆಟದ ಗೊಡವೆಗೇ ಹೋಗಿರಲಿಲ್ಲ. ಶನಿವಾರಗಳಂದು ಕ್ರೀಡಾಂಗಣದಿಂದ ಏಳುತ್ತಿದ್ದ ಗದ್ದಲ ಪ್ರಯೋಗಾಲಯದ ಕಿಟಕಿಯವರೆಗೂ ಕೇಳಿಸುತ್ತಿತ್ತು, ಉದ್ಘೋಷಕರು "ರಾನ್ ಡೇ...ಏ...ಏನ್" ಎಂದು ಹೆಸರನ್ನು ಎಳೆದೆಳೆದು ಕೂಗುವುದು, ಸಾವಿರಾರು ಕಂಠಗಳು ಅದಕ್ಕೆ ದನಿಗೂಡಿಸುವುದು ನನಗೆ ಗುಡಿಯಲ್ಲಿ ಬಾರಿಸುವ ನಗಾರಿಯಂತೆ ದೂರದ, ಆದರೆ ಪರಿಚಿತವಾದ ಸದ್ದಾಗಿತ್ತು.

ಆಟವನ್ನು ನೋಡಲು ಕಲಿಸಿದವರು ನನ್ನ ಪ್ರಯೋಗಾಲಯದ ಗೆಳೆಯನ ತಂದೆ. ಮ್ಯಾಡಿಸನ್‌ನಿಂದ ಒಂದು ಗಂಟೆಯ ದಾರಿಯ ಹಳ್ಳಿಯಲ್ಲಿ ಹೈನುಗಾರಿಕೆ ಮಾಡುತ್ತಿದ್ದ ಅವರು ಕಡಿಮೆ ಮಾತಿನ ಹಿರಿಯರು. 1998ರಲ್ಲಿ ಮೊದಲ ಬಾರಿ ಅವರ ಪಕ್ಕ ಕುಳಿತಾಗ, ಚೆಂಡು ಎಲ್ಲಿದೆಯೆಂದೇ ತಿಳಿಯದೆ ನಾನು ಕಕ್ಕಾಬಿಕ್ಕಿಯಾಗಿದ್ದುದನ್ನು ಕಂಡು, "ಚೆಂಡನ್ನು ಹುಡುಕಬೇಡ. ಮುಂದಿನ ಸಾಲಿನ ಆ ಐದು ಜನರ ಕಾಲು ಯಾವ ಕಡೆ ಸರಿಯುತ್ತವೆ ನೋಡು, ಚೆಂಡು ತಾನಾಗಿ ಅಲ್ಲಿಗೆ ಬರುತ್ತದೆ" ಎಂದರು. ಆ ಒಂದು ಮಾತಿನಿಂದ ಮೈದಾನದ ಗೊಂದಲವೆಲ್ಲ ನನ್ನ ಕಣ್ಣಿಗೆ ಅಚ್ಚುಕಟ್ಟಾಯಿತು. ನೂರು ಗಜದ ಬಯಲು. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ಸಿಗುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಎಂಬ, ಆಟ ನಡೆಸುವ ಆಟಗಾರ ಹಿಂದಕ್ಕೆ ತಿರುಗಿ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೊತ್ತಿ ಕೊಡುತ್ತಾನೆ. ಮುಂದಿನ ಐವರು ಎದುರಾಳಿಗಳನ್ನು ಪಕ್ಕಕ್ಕೆ ನೂಕಿ ಒಂದು ಸಂದು ಮಾಡಿಕೊಡುತ್ತಾರೆ. ಅರೆಗಳಿಗೆಯಲ್ಲಿ ಮುಚ್ಚಿಹೋಗುವ ಆ ಸಂದನ್ನು ಕಂಡು ನುಗ್ಗುವುದೇ ರನ್ನಿಂಗ್ ಬ್ಯಾಕ್‌ನ ಕೆಲಸ. ಬಹಳ ಸಲ ಸಿಗುವುದು ಮೂರು ಗಜ, ನಾಲ್ಕು ಗಜ. ಕೆಲವೊಮ್ಮೆ ಏನೂ ಇಲ್ಲ. ಬಿದ್ದವನು ಎದ್ದು ಬಂದು ಮತ್ತೆ ಅದೇ ಜಾಗದಲ್ಲಿ ನಿಲ್ಲಬೇಕು.

ಡೇನ್ ಅವರ ಮೈತೂಕ 250 ಪೌಂಡುಗಳಿಗೂ ಹೆಚ್ಚು, ಅಂದರೆ ಸುಮಾರು 115 ಕಿಲೋ. ಪತ್ರಿಕೆಗಳಲ್ಲಿಯೂ ಟೀವಿಯಲ್ಲಿಯೂ ಅವರನ್ನು ಲಾರಿಗೆ, ರೈಲಿಗೆ ಹೋಲಿಸಿ ವರ್ಣಿಸುವುದೇ ರೂಢಿಯಾಗಿತ್ತು. ಆ ಹೋಲಿಕೆಗಳು ಅವರಿಗೆ ನ್ಯಾಯ ಒದಗಿಸಿದವು ಎಂದು ನನಗೆ ಅನ್ನಿಸಿದ್ದೇ ಇಲ್ಲ. ಭಾರ ಮಾತ್ರವೇ ಸಾಕಾಗಿದ್ದರೆ ಅವರ ಮುಂದೆ ನಿಂತು ದಾರಿ ಮಾಡಿಕೊಡುತ್ತಿದ್ದ, ಅವರಿಗಿಂತಲೂ ಭಾರವಾಗಿದ್ದ ಐವರಲ್ಲಿ ಯಾರು ಬೇಕಾದರೂ ಓಡಬಹುದಿತ್ತು. ನಾನು ಕಂಡದ್ದು ಅವರ ಪಾದಗಳನ್ನು: ಚೆಂಡು ಕೈಸೇರಿದೊಡನೆ ಚಿಕ್ಕಚಿಕ್ಕ ಹೆಜ್ಜೆಗಳಲ್ಲಿ ತಡೆದು, ಸಂದು ತೆರೆಯುವುದನ್ನು ಕಾದು, ತೆರೆದ ಕೂಡಲೇ ಭುಜ ತಗ್ಗಿಸಿ ಒಳಹೊಗುವ ಆ ಸಂಯಮವನ್ನು. ಹದಿನೆಂಟರ ಹರೆಯದಲ್ಲಿ, ಕಾಲೇಜಿಗೆ ಬಂದ ಮೊದಲ ವರ್ಷವೇ, ಅವರು ಹವಾಯಿ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 339 ಗಜ ಓಡಿದ್ದರು. 1999ರ ಜನವರಿಯಲ್ಲಿ, ಋತುವಿನ ಕೊನೆಯ ದೊಡ್ಡ ಪಂದ್ಯಗಳಲ್ಲೊಂದಾದ ರೋಸ್ ಬೌಲ್‌ನಲ್ಲಿ, ಯುಸಿಎಲ್‌ಎ ತಂಡದ ವಿರುದ್ಧ 246 ಗಜ ಓಡಿ ನಾಲ್ಕು ಟಚ್‌ಡೌನ್ ಗಳಿಸಿದ್ದರು, ಅಂದರೆ ನಾಲ್ಕು ಸಲ ಚೆಂಡನ್ನು ಎದುರಾಳಿಗಳ ಕೊನೆಯ ಗೆರೆ ದಾಟಿಸಿದ್ದರು. ಅದಾದ ಮೇಲೆ ವೃತ್ತಿಪರ ಲೀಗಿಗೆ ಹೋಗಲು ಅವಕಾಶವಿದ್ದರೂ ಹೋಗದೆ, ನಾಲ್ಕನೆಯ ವರ್ಷಕ್ಕೂ ಕಾಲೇಜಿನಲ್ಲೇ ಉಳಿದರು.

ಆ ನಾಲ್ಕನೆಯ ವರ್ಷ ಸಲೀಸಾಗಿ ಆರಂಭವಾಗಲಿಲ್ಲ. ಸೆಪ್ಟೆಂಬರಿನಲ್ಲಿ ತಂಡ ಮೊದಲು ಸಿನ್ಸಿನಾಟಿಗೆ, ಮರುವಾರವೇ ಮಿಷಿಗನ್‌ಗೆ ಸೋತಿತು. ಮಿಷಿಗನ್ ಪಂದ್ಯವನ್ನು ನಾನು ನೋಡಿದ್ದೆ. ಮೊದಲರ್ಧದಲ್ಲಿ 88 ಗಜ ಓಡಿದ್ದ ಡೇನ್, ಎರಡನೆಯ ಅರ್ಧದಲ್ಲಿ ಗಳಿಸಿದ್ದು ಸೊನ್ನೆ. ಅಂದು ನನ್ನ ಸುತ್ತಲಿನವರು, ಮೂರು ವರ್ಷ ಅವರ ಹೆಸರನ್ನು ಕೂಗಿದ್ದವರೇ, ಇವರ ಕಾಲ ಮುಗಿಯಿತೆಂದು ಹೇಳುತ್ತ ಹೊರನಡೆದದ್ದು ನನಗೆ ಬಹಳ ನೋವುಂಟುಮಾಡಿತ್ತು. ಮರುವಾರ ಓಹೈಯೊ ಸ್ಟೇಟ್ ತಂಡದ ನೆಲದಲ್ಲಿ 17 ಅಂಕಗಳಷ್ಟು ಹಿಂದೆಬಿದ್ದ ತಂಡ, ಡೇನ್ ಅವರ ನಾಲ್ಕು ಟಚ್‌ಡೌನ್‌ಗಳ ಬಲದಿಂದ 42–17ರಲ್ಲಿ ಗೆದ್ದು ಬಂದಿತು. ಅಲ್ಲಿಂದ ನವೆಂಬರ್ 13ರವರೆಗೆ ಅವರು ಸೋಲು ಕಾಣಲಿಲ್ಲ.

ಅಂದು ಆಸನಗಳ ಬಳಿ ಬಿಳಿಯ ಟವೆಲ್‌ಗಳನ್ನು ಹಂಚಿದ್ದರು. ಅವುಗಳ ಮೇಲೆ ಡೇನ್ ಅವರ ಹೆಸರು ಮತ್ತು ಅವರ ಅಂಗಿಯ ಸಂಖ್ಯೆ 33. ಹಿರಿಯರು ತಮ್ಮ ಟವೆಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ಕಿವಿಗೆ ರೇಡಿಯೊ ಹಚ್ಚಿಕೊಂಡು, ಪ್ರತಿ ಓಟವಾದ ಮೇಲೂ ಉಳಿದ ಗಜಗಳನ್ನು ನನಗೆ ಹೇಳುತ್ತಿದ್ದರು. ಕ್ರೀಡಾಂಗಣದ ತುಂಬ ಜನ ಒಂದೇ ಲೆಕ್ಕವನ್ನು ಬಾಯಲ್ಲೇ ಕಳೆಯುತ್ತಿದ್ದರು. ಪಂದ್ಯದ ಎರಡನೆಯ ಕಾಲುಭಾಗದ ಕೊನೆ ಸಮೀಪಿಸುತ್ತಿತ್ತು. ಚೆಂಡು ಡೇನ್ ಕೈಗೆ ಬಂದಾಗ, ಕಲಿತ ಪಾಠದಂತೆ ನಾನು ಮುಂದಿನ ಐವರನ್ನೇ ನೋಡುತ್ತಿದ್ದೆ: ಮೆಕಿಂಟಾಶ್, ಫೆರಾರಿಯೊ, ರಾಬಾಕ್, ಕೋಸ್ಟಾ, ಟಾಶರ್. ಐವರೂ ಒಟ್ಟಿಗೆ ಒತ್ತಿದರು, ಗೋಡೆ ಬಿರಿಯಿತು, ಬಿರುಕಿನ ಆಚೆ 33ರ ಅಂಗಿ ಕಂಡಿತು. ಆ ಓಟ ನಿಂತದ್ದು 31 ಗಜಗಳ ನಂತರ. ಹಿರಿಯರು ಸಂಖ್ಯೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಪ್ಪತ್ತು ಸಾವಿರಕ್ಕೂ ಮಿಕ್ಕ ಟವೆಲ್‌ಗಳು ಒಮ್ಮೆಲೇ ಮೇಲೆದ್ದು ತಿರುಗಿದವು.

ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ನಮ್ಮೂರು. ಹಾವೇರಿ ಸೀಮೆಯಲ್ಲಿ ದೀಪಾವಳಿಯ ಬೆನ್ನಿಗೇ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿ ಹಾರ ಕಟ್ಟಿದ ಹೋರಿಗಳು ಜನರ ನಡುವಿನ ಓಣಿಯಲ್ಲಿ ಓಡುತ್ತವೆ. ತಡೆದು ಕೊಬ್ಬರಿ ಹರಿಯಲು ಎರಡೂ ಕಡೆಯಿಂದ ಹುಡುಗರು ಮುಗಿಬೀಳುತ್ತಾರೆ. ಯಾರ ಕೈಗೂ ಸಿಗದೆ ಪಾರಾದ ಹೋರಿಯ ಹೆಸರು ವರ್ಷವಿಡೀ ಊರಿನವರ ಬಾಯಲ್ಲಿರುತ್ತದೆ. ಮನುಷ್ಯನೊಬ್ಬನನ್ನು ಹೋರಿಗೆ ಹೋಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ, ಲಾರಿಯ ಹೋಲಿಕೆಯನ್ನು ಒಪ್ಪದವನಿಗೆ ಇದೂ ಸಲ್ಲದು. ನಾನು ಹೇಳುತ್ತಿರುವುದು ನೋಡುವ ಜನರ ಮಾತು. ಪಾರಾಗುವವರೆಗೆ ಬಿಗಿಹಿಡಿದ ಉಸಿರು, ಪಾರಾದೊಡನೆ ಗುರುತುಪರಿಚಯವಿಲ್ಲದ ಪಕ್ಕದವನ ಹೆಗಲು ಹಿಡಿದು ಕುಣಿಯುವುದು ಎರಡೂ ಕಡೆ ಒಂದೇ ಆಗಿತ್ತು. ಮೂರು ವರ್ಷಗಳಿಂದ ಆ ಹಬ್ಬವನ್ನು ಕಾಣದಿದ್ದ ನಾನು, ಅಂದು ಮಾತು ಕಡಿಮೆಯ ಆ ಹಿರಿಯರ ಹೆಗಲನ್ನು ಹಿಡಿದು ಅತ್ತೆ.

ಪಂದ್ಯ 41–3ರಲ್ಲಿ ಮುಗಿಯಿತು. ಡೇನ್ ಅಂದು ಓಡಿದ್ದು 216 ಗಜ, ನಾಲ್ಕು ವರ್ಷಗಳ ಒಟ್ಟು 6,397. ನಮ್ಮ ತಂಡ ಆಡುವ ಬಿಗ್ ಟೆನ್ ಒಕ್ಕೂಟದ ಕಿರೀಟವೂ ಕೈಸೇರಿತು. ತಿಂಗಳೊಳಗೆ, ಕಾಲೇಜು ಫುಟ್‌ಬಾಲಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಡೇನ್ ಅವರಿಗೆ ಬಂದಿತು. ವಿಸ್ಕಾನ್ಸಿನ್‌ಗೆ ಅದಕ್ಕೆ ಹಿಂದೆ ಅದನ್ನು ತಂದವರು 1954ರ ಅಲನ್ ಅಮೀಚಿ ಒಬ್ಬರೇ.

ಆ 6,397ರ ಬಗ್ಗೆ ನಾನು ಇಲ್ಲಿ ಒಂದು ಲೆಕ್ಕವನ್ನು ಬರೆಯಲೇಬೇಕು. ಋತುವಿನ ಕೊನೆಗೆ ನಡೆಯುವ ಬೌಲ್ ಪಂದ್ಯಗಳ ಗಜಗಳನ್ನು ಆ ಕಾಲದಲ್ಲಿ ಅಧಿಕೃತ ದಾಖಲೆಗೆ ಸೇರಿಸುತ್ತಿರಲಿಲ್ಲ. 2002ರಿಂದ ಸೇರಿಸತೊಡಗಿದರು, ಹಳೆಯವರಿಗೆ ಅನ್ವಯಿಸಲಿಲ್ಲ. ಹೀಗಾಗಿ 2016ರ ಡಿಸೆಂಬರಿನಲ್ಲಿ ಸ್ಯಾನ್ ಡಿಯಾಗೊ ಸ್ಟೇಟ್‌ನ ಡಾನೆಲ್ ಪಂಫ್ರೀ, ಒಂದು ಬೌಲ್ ಪಂದ್ಯದಲ್ಲೇ, ತಮ್ಮ ಮೊತ್ತವನ್ನು 6,405ಕ್ಕೆ ಏರಿಸಿದಾಗ ದಾಖಲೆ ಅವರ ಹೆಸರಿಗೆ ಹೋಯಿತು. ಪಂಫ್ರೀ ಅವರ ಸಾಧನೆ ದೊಡ್ಡದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಡೇನ್ ತಮ್ಮ ನಾಲ್ಕು ಬೌಲ್ ಪಂದ್ಯಗಳಲ್ಲಿ ಓಡಿದ 246, 36, 246 ಮತ್ತು 200 ಗಜಗಳನ್ನು ಕೂಡಿದರೆ 728 ಆಗುತ್ತದೆ, ಒಟ್ಟು ಮೊತ್ತ 7,125ಕ್ಕೆ ಏರುತ್ತದೆ. ಮಣ್ಣಿನ ಮಾದರಿಗಳನ್ನು ಅಳೆಯುವುದೇ ಬದುಕಾದ ನನಗೆ, ಒಂದೇ ಪಟ್ಟಿಯಲ್ಲಿ ಎರಡು ಅಳತೆಗೋಲು ಬಳಸುವುದನ್ನು ಇಂದಿಗೂ ಒಪ್ಪಲಾಗುತ್ತಿಲ್ಲ. ಡಾರ್ಸೆಟ್ ಮತ್ತು ವಿಲಿಯಮ್ಸ್ ಅವರಿಗೂ ಇದೇ ಕೊರತೆ ಆಗಿದೆ. ಓಡಿದ ಗಜಗಳನ್ನೆಲ್ಲ ಎಣಿಸಬೇಕು, ಇಲ್ಲವೇ ಯಾರದ್ದನ್ನೂ ಎಣಿಸಬಾರದು.

ಅಂದು ಪಂದ್ಯ ಮುಗಿದ ಮೇಲೂ ಜನ ಕದಲಲಿಲ್ಲ. ಡೇನ್ ಅವರಿಗೆ ಆ ಮೈದಾನದಲ್ಲಿ ಅದೇ ಕೊನೆಯ ಆಟ. ಮೇಲಂತಸ್ತಿನ ಮುಂಗಟ್ಟಿನ ಮೇಲೆ ಅವರ ಹೆಸರು ಮತ್ತು 33 ಅನಾವರಣಗೊಂಡವು. ಹಿರಿಯರು ಎದ್ದು ಟೋಪಿ ತೆಗೆದು ನಿಂತು, ಅದನ್ನು ಕಣ್ತುಂಬ ನೋಡಿ, ಗಡಿಯಾರದತ್ತ ಕಣ್ಣು ಹಾಯಿಸಿದರು. ಹಸುಗಳ ಹಾಲು ಕರೆಯುವ ಹೊತ್ತು ಮೀರುತ್ತಿತ್ತು. ಮಡಿಸಿಟ್ಟಿದ್ದ ತಮ್ಮ ಟವೆಲನ್ನು ನನ್ನ ಕೈಗಿತ್ತು, "ನಿನ್ನ ಊರಿಗೆ ಒಂದು ಕಳಿಸು" ಎಂದು ಹೇಳಿ, ಮಗನನ್ನು ಕರೆದುಕೊಂಡು ಮನ್ರೋ ಬೀದಿಯಲ್ಲಿ ನಿಲ್ಲಿಸಿದ್ದ ಟ್ರಕ್ಕಿನ ಕಡೆ ನಡೆದರು.