ಮಗುವಿಗೆ ಕುಸುರೆಳ್ಳಿನ ಸರ, ಅವ್ವನಿಗೆ ಸಕ್ಕರೆ ಇಲ್ಲದ ಕುಸುರೆಳ್ಳು: ಕೆಲಸ ಎಲ್ಲಿಗೆ ಬಂತು

ಸಂಕ್ರಾಂತಿ ಹತ್ತಿರ ಬಂತು, ಇಲ್ಲಿವರೆಗೆ ಏನಾಗಿದೆ ಅಂತ ಬರೆದಿಡುತ್ತೇನೆ. ತೋಳಬಂದಿ ಎರಡೂ ಮುಗಿದಿವೆ. ಕಿರೀಟಕ್ಕೆ ರಟ್ಟು ಕತ್ತರಿಸಿ ಕಪ್ಪು ಬಟ್ಟೆ ಅಂಟಿಸಿದ್ದೇನೆ. ಕೊರಳ ಸರ ಅರ್ಧ ಆಗಿದೆ. ಎಲ್ಲವೂ ಕುಸುರೆಳ್ಳಿನವು, ಅಂದರೆ ಎಳ್ಳಿನ ಮೇಲೆ ಸಕ್ಕರೆ ಪಾಕದ ಮುಳ್ಳು ಬೆಳೆಸಿದ ಕಾಳಿನವು. ಆ ಕುಸುರೆಳ್ಳೂ ಮನೆಯಲ್ಲೇ ಮಾಡಿದ್ದು.

ಅಕ್ಕನ ಮಗುವಿಗೆ ಇದು ಮೊದಲ ಸಂಕ್ರಾಂತಿ. ನಮ್ಮ ಧಾರವಾಡದ ಎಷ್ಟೋ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಕಪ್ಪು ಅಂಗಿ ಹಾಕಿ, ಕುಸುರೆಳ್ಳಿನ ಒಡವೆ ತೊಡಿಸಿ, ತಲೆ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ ಎರೆಯುತ್ತಾರಲ್ಲ, ಅದಕ್ಕೇ ಈ ತಯಾರಿ. ಇನ್ನೊಂದು ವಿಷಯವೂ ತಲೆಯಲ್ಲಿತ್ತು. ಅವ್ವನಿಗೆ ಶುಗರ್ ಇದೆ. ಹಬ್ಬದ ದಿನ ಬಂದವರೆಲ್ಲ ಎಳ್ಳು ಕೊಡುತ್ತಾರೆ, ಬೇಡ ಅನ್ನೋಕೆ ಆಗಲ್ಲ, ಚೂರು ಚೂರೇ ಆದರೂ ಸಂಜೆ ಹೊತ್ತಿಗೆ ಜಾಸ್ತಿನೇ ಆಗಿರುತ್ತದೆ. ಸಕ್ಕರೆ ಬಿಟ್ಟು ಬೇರೆ ಸಿಹಿಯಲ್ಲಿ ಕುಸುರೆಳ್ಳು ಆಗುತ್ತದಾ ಅಂತ ನೋಡಬೇಕಿತ್ತು.

ಮೊದಲು ಸಕ್ಕರೆಯದ್ದೇ ಹೇಳುತ್ತೇನೆ, ಅದು ಗೊತ್ತಾಗದೆ ಉಳಿದದ್ದು ಅರ್ಥ ಆಗಲ್ಲ. ಸಕ್ಕರೆಗೆ ಅದರ ಅರ್ಧದಷ್ಟು ನೀರು, ಒಂದು ಚಮಚ ಹಾಲು. ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಸೋಸಬೇಕು. ಎಳೆ ಬರುವ ಮುಂಚೆಯೇ ಪಾಕ ಇಳಿಸಬೇಕು. ಲಿಂಬೆರಸ ಮಾತ್ರ ಹಾಕಲೇಬಾರದು. ಗುಲಾಬ್ ಜಾಮೂನಿನ ಪಾಕ ಹರಳುಗಟ್ಟದಿರಲಿ ಅಂತ ಅದನ್ನು ಹಾಕುತ್ತೇವೆ, ಇಲ್ಲಿ ನಮಗೆ ಬೇಕಿರುವುದೇ ಹರಳು.

ಸಣ್ಣ ಕೆಂಡದ ಶೇಗಡಿ ಒಲೆ ಮೇಲೆ ಪರಾತ ಅನ್ನೋ ಅಗಲ ತಟ್ಟೆ, ಅದರಲ್ಲಿ ಬೆಚ್ಚಗೆ ಹುರಿದ ಬಿಳಿ ಎಳ್ಳು. ಒಂದು ಸಣ್ಣ ಚಮಚ ಪಾಕ ಹಾಕಿ ಬೆರಳ ತುದಿಯಿಂದ ಆಡಿಸುತ್ತಾ ಇರಬೇಕು. ಅದು ಪೂರ್ತಿ ಒಣಗಿದ ಮೇಲೆ ಮುಂದಿನ ಚಮಚ. ನಮ್ಮ ಓಣಿಯ ಕಾಕು ಪಕ್ಕದಲ್ಲೇ ಕೂತು ತೋರಿಸಿಕೊಟ್ಟರು. "ಪಾಕ ಹನಿ ಹನಿ ಹಾಕವಾ, ಬೆರಳು ಮಾತ್ರ ನಿಲ್ಲಸಬ್ಯಾಡ" ಅಂತ ಅವರ ಪಾಠ. ಮೊದಮೊದಲು ಎಳ್ಳು ಸುಮ್ನೆ ಮಸುಕು ಬಿಳಿ ಆಗುತ್ತದೆ, ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮುಂದಿನ ಪಾಕ ಹೋಗಿ ಆ ಗುಳ್ಳೆಗಳ ತುದಿಗೇ ಕೂರುತ್ತದೆ, ಒಣಗುತ್ತದೆ, ಅದರ ಮೇಲೆ ಮತ್ತೆ ಪಾಕ. ಹಾಗೆ ಮುಳ್ಳು ಬೆಳೆಯುತ್ತದೆ. ನೋಡುತ್ತಾ ಕೂತರೆ ಎದ್ದೇಳೋ ಮನಸ್ಸಾಗಲ್ಲ. ಉರಿ ಜಾಸ್ತಿ ಆದರೆ ಸಕ್ಕರೆ ಪುಡಿಯಾಗಿ ತಳಕ್ಕೆ ಬೀಳುತ್ತದೆ, ಕಡಿಮೆ ಆದರೆ ಎಳ್ಳು ಒಂದಕ್ಕೊಂದು ಅಂಟುತ್ತದೆ. ಬೆಳಗಿನ ಜಾವದ ಥಂಡಿಯಲ್ಲಿ ಮುಳ್ಳು ಚೆನ್ನಾಗಿ ಬರುತ್ತದೆ, ಧಾರವಾಡದ ಜನವರಿ ಇದಕ್ಕೆ ಹೇಳಿ ಮಾಡಿಸಿದ್ದು.

ಇನ್ನು ಬೇರೆ ಸಿಹಿಗಳು.

ಮಹಾಲಿಂಗಪುರದ ಬೆಲ್ಲ ತಂದಿದ್ದೆ. ಪರಿಮಳ ಅದ್ಭುತ, ಮುಳ್ಳು ಮಾತ್ರ ಬರಲಿಲ್ಲ. ಬೆಲ್ಲದಲ್ಲಿ ಸುಕ್ರೋಸ್ (ನಮ್ಮ ಬಿಳಿ ಸಕ್ಕರೆ ಅಂದರೆ ಅದೇ) ಜೊತೆ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತವೆ. ಅವು ಹರಳುಗಟ್ಟೋಕೆ ಬಿಡಲ್ಲ, ಗಾಳಿಯ ತೇವ ಬೇರೆ ಹೀರುತ್ತವೆ. ಎಳ್ಳೆಲ್ಲ ಉಂಡೆ ಉಂಡೆಯಾಗಿ ಚಿಕ್ಕಿಯ ದಾರಿ ಹಿಡಿಯಿತು. ಮೂರು ಪಾಲು ಸಕ್ಕರೆಗೆ ಒಂದು ಪಾಲು ಬೆಲ್ಲ ಹಾಕಿದಾಗ ಮೊಂಡು ಮುಳ್ಳಿನ ಕಂದು ಕಾಳು ಬಂತು, ತಿನ್ನೋಕೆ ನನಗೆ ಅದೇ ಎಲ್ಲಕ್ಕಿಂತ ಇಷ್ಟ. ಆದರೆ ಬೆಲ್ಲ ಅಂದ ಕೂಡಲೇ ಶುಗರ್ ಇದ್ದವರಿಗೆ ನಡೆಯುತ್ತದೆ ಅನ್ನೋದನ್ನು ದಯವಿಟ್ಟು ನಂಬಬೇಡಿ. ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ, ಕ್ಯಾಲೊರಿಯೂ ಹೆಚ್ಚು ಕಡಿಮೆ ಸಕ್ಕರೆಯಷ್ಟೇ. ಕಲ್ಲುಸಕ್ಕರೆ, ಖಂಡಸಾರಿ (ಹೆಚ್ಚು ಶುದ್ಧ ಮಾಡದ ಸಕ್ಕರೆ) ಕೂಡ ಅಷ್ಟೇ. ಕಲ್ಲುಸಕ್ಕರೆಯಲ್ಲಿ ಮುಳ್ಳು ಬೆಳ್ಳಗೆ, ಚೂಪಾಗಿ ಬರುತ್ತದೆ. ಖಂಡಸಾರಿಯದ್ದು ಕೆನೆ ಬಣ್ಣ, ಗಿಡ್ಡ ಮುಳ್ಳು.

ಸ್ಟೀವಿಯಾ ಅನ್ನೋ ಸಿಹಿ ಎಲೆಯಿಂದ ಕುಸುರೆಳ್ಳು ಆಗಲ್ಲ. ಅದರ ಸಾರ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ, ಹಾಗಾಗಿ ಚಿಟಿಕೆ ಸಾಕು. ಆದರೆ ಚಿಟಿಕೆಯಿಂದ ಎಳ್ಳಿನ ಮೇಲೆ ಪದರ ಎಲ್ಲಿಂದ ಬರಬೇಕು? ಒದ್ದೆ ಎಳ್ಳು, ಕೊನೆಗೆ ಸ್ವಲ್ಪ ಕಹಿ, ಅಷ್ಟೇ. ಸ್ಟೀವಿಯಾ ಅಂತ ಮಾರುವ ಪುಡಿಗಳಲ್ಲಿ ಎಷ್ಟೋ ಸಲ ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಎರಿಥ್ರಿಟಾಲ್ ಅನ್ನೋ ಇನ್ನೊಂದು ಬದಲಿ ಸಿಹಿ ಬೆರೆಸಿರುತ್ತಾರೆ, ಪ್ಯಾಕೆಟ್ ಹಿಂದೆ ಓದಿಯೇ ತಗೊಳ್ಳಿ.

ಎರಿಥ್ರಿಟಾಲ್ ಮೇಲೆ ನನಗೆ ಭರವಸೆ ಬಂದಿದೆ. ಸಿಹಿ ಸಕ್ಕರೆಯ ಸುಮಾರು 70%, ಒಂದು ಗ್ರಾಂಗೆ ಕ್ಯಾಲೊರಿ ಬರೀ 0.2, ಸಕ್ಕರೆಗೆ ಅದು 4. ಮುಖ್ಯ ಅಂದರೆ ಇದು ಹರಳುಗಟ್ಟುತ್ತದೆ. ಎಷ್ಟು ಅಂದರೆ ಪಾಕ ತಣ್ಣಗಾದ ಕೂಡಲೇ ಬಟ್ಟಲಲ್ಲೇ ಗಟ್ಟಿ ಆಗಿಬಿಡುತ್ತದೆ, ತಣ್ಣೀರಲ್ಲಿ ಸಕ್ಕರೆಯಷ್ಟು ಕರಗಲ್ಲ ಇದು. ಪಾಕದ ಬಟ್ಟಲನ್ನು ಬಿಸಿನೀರಲ್ಲಿ ಇಟ್ಟುಕೊಂಡು ಮಾಡಿದಾಗ ದಾರಿಗೆ ಬಂತು. ಮುಳ್ಳು ಬಂತು, ಆದರೆ ತೀರಾ ನಾಜೂಕು, ಬೆರಳು ಜೋರಾಗಿ ತಾಗಿದರೆ ಉದುರುತ್ತದೆ. ಬಾಯಿಗೆ ಹಾಕಿದರೆ ತಣ್ಣಗೆ. ಅವ್ವ ನಾಲ್ಕು ಕಾಳು ತಿಂದು, "ಪೆಪ್ಪರಮಿಂಟ್ ತಿಂದಂಗ ಆತು, ಆದ್ರೂ ಕುಸುರೆಳ್ಳ ಅಂತ ಗೊತ್ತಾಗ್ತದ" ಅಂದಳು. ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ, ಅದಕ್ಕೇ ಅವಳಿಗೆ ಚಿಕ್ಕ ಡಬ್ಬಿ ಮಾತ್ರ, ಅದೂ ಡಾಕ್ಟರನ್ನು ಕೇಳಿದ ಮೇಲೆ.

ಒಡವೆಗೆ ಮಾತ್ರ ಸಕ್ಕರೆಯೇ ಬೇಕು, ಇದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಕಾಳನ್ನು ಸೂಜಿಯಿಂದ ಚುಚ್ಚಿದರೆ ಒಡೆಯುತ್ತದೆ. ಹಾಗಾಗಿ ದಾರದಲ್ಲಿ ಕುಣಿಕೆ ಮಾಡಿ, ಕಾಳನ್ನು ಒಳಗೆ ಕೂರಿಸಿ, ನಿಧಾನಕ್ಕೆ ಬಿಗಿಯಬೇಕು. ದಾರ ಎರಡು ಮುಳ್ಳಿನ ಸಂದಿಗೆ ಇಳಿದು ಅಲ್ಲೇ ನಿಲ್ಲುತ್ತದೆ, ಜಾರಲ್ಲ. ಬೆಲ್ಲದ ಕಾಳಲ್ಲಿ ದಾರ ಜಾರುತ್ತದೆ, ಎರಿಥ್ರಿಟಾಲ್ ಕಾಳು ಬಿಗಿಯುವಾಗಲೇ ಪುಡಿಯಾಗುತ್ತದೆ. ಸರಕ್ಕೆ ಸಾಬೂದಾಣಿ ಮೇಲೆ ಬೆಳೆಸಿದ ದಪ್ಪ ಕಾಳು ತಗೊಂಡಿದ್ದೇನೆ. ಎಳ್ಳಿನ ಸಣ್ಣ ಕಾಳು ಕಿರೀಟದ ರಟ್ಟಿಗೆ ಅಂಟಿಸೋಕೆ. ಗಟ್ಟಿ ಅಂಟನ್ನೇ ತೆಳ್ಳಗೆ ಹಚ್ಚಬೇಕು, ನೀರಾಗಿದ್ದರೆ ಮುಳ್ಳು ಕರಗುತ್ತದೆ. ಕಿರೀಟದ ನಡುವಿನ ನವಿಲಿಗೆ ಖಂಡಸಾರಿಯ ಕೆನೆ ಬಣ್ಣ, ಸುತ್ತ ಬಿಳಿ.

ಜೇನುತುಪ್ಪ ಹಾಕಿ ನೋಡು ಅಂತ ಒಬ್ಬರು ಹೇಳಿದರು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಬೊಟುಲಿಸಂ ಅನ್ನೋ ಅಪಾಯಕಾರಿ ಕಾಯಿಲೆಯ ಭಯ. ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ ಅಲ್ವಾ? ಕಾಳು ಗಂಟಲಿಗೆ ಸಿಕ್ಕೀತು ಅಂತಲೂ ಇದೆ. ಆರತಿ, ಫೋಟೋ ಆದ ಕೂಡಲೇ ಒಡವೆ ತೆಗೆದುಬಿಡೋಣ ಅಂತ ಅಕ್ಕನಿಗೆ ಈಗಲೇ ಹೇಳಿದ್ದೇನೆ.

ಸರದ ಉಳಿದರ್ಧಕ್ಕೆ ದಪ್ಪ ಕಾಳು ಸಾಲಲ್ಲ, ಇನ್ನೊಂದು ಪರಾತ ಮಾಡಬೇಕು. ಪದಕಕ್ಕೆ ಕೇಸರಿ ನೆನೆಸಿದ ಪಾಕದಲ್ಲಿ ಸ್ವಲ್ಪ ಹಳದಿ ಕಾಳು. ಅವ್ವನ ಡಬ್ಬಿಗೆ ಎರಿಥ್ರಿಟಾಲ್‌ಗೆ ಕಾಲು ಪಾಲು ಕಲ್ಲುಸಕ್ಕರೆ ಬೆರೆಸಿದರೆ ಪೂರ್ತಿ ಸಕ್ಕರೆ ಇಲ್ಲದ್ದು ಆಗಲ್ಲ ನಿಜ, ಆದರೆ ಮುಳ್ಳು ಗಟ್ಟಿ ಆಗಬಹುದು ಅನ್ನಿಸುತ್ತಿದೆ, ನಾಳೆ ಬೆಳಗಿನ ಜಾವ ಅದನ್ನೇ ಮೊದಲು ಮಾಡಿ ನೋಡುತ್ತೇನೆ.