ತುಮಕೂರಲ್ಲಿ ಕುಡಿತ ಬಿಡಿಸೋ ಗುಂಪು ಇದೆಯಾ? ಕೇಳಿದವರಿಗೆಲ್ಲ ನನ್ನ ಉತ್ತರ

ನಾನು ಕುಡಿತ ಬಿಟ್ಟು ಒಂಬತ್ತು ವರ್ಷ ಆಯಿತು. ಇದು ಗೊತ್ತಿರುವವರು ಮದುವೆ ಮನೆಯಲ್ಲೋ ಬಸ್ ಸ್ಟ್ಯಾಂಡಲ್ಲೋ ಪಕ್ಕಕ್ಕೆ ಕರೆದು ಕೇಳುತ್ತಾರೆ. "ಅಣ್ಣಾ, ನಮ್ಮ ತುಮಕೂರಲ್ಲೇ ಕುಡಿತ ಬಿಡಿಸೋ ಗುಂಪು ಇದೆಯಾ, ಇಲ್ಲಾ ಬೆಂಗಳೂರಿಗೇ ಹೋಗಬೇಕಾ?" ಕೇಳುವವರಲ್ಲಿ ಹೆಂಡತಿಯರು, ತಾಯಂದಿರೇ ಜಾಸ್ತಿ. ಕುಡಿಯುವವನು ಕೇಳುವುದು ಅಪರೂಪ. ಕೇಳಿದರೂ "ನಮ್ಮ ಫ್ರೆಂಡ್ ಒಬ್ಬನಿಗೆ" ಅಂತ ಶುರು ಮಾಡುತ್ತಾನೆ. ನಾನೂ ಹಾಗೇ ಶುರು ಮಾಡಿದ್ದೆ ಬಿಡಿ.

ಮನೆಗೆ ಯಾವುದು ಹತ್ತಿರವೋ ಅದಕ್ಕೆ ಹೋಗಿ. ಇದೇ ನನ್ನ ಉತ್ತರ.

ನಾನು ಮೊದಲು ಹೋಗಿದ್ದು ಬೆಂಗಳೂರಿನ ಗುಂಪಿಗೆ. ಊರಲ್ಲಿ ಯಾರಾದರೂ ನೋಡಿಬಿಟ್ಟರೆ ಅನ್ನುವ ಭಯ. ದಿನಾ ಸಂಜೆ ಬಿ.ಎಚ್. ರಸ್ತೆಯ ಬಾರಿಗೆ ರಾಜಾರೋಷವಾಗಿ ನುಗ್ಗುತ್ತಿದ್ದವನಿಗೆ, ಬಿಡುವುದಕ್ಕೆ ಹೋಗುವಾಗ ಮಾತ್ರ ನಾಚಿಕೆ! ಪ್ರತಿ ಭಾನುವಾರ ರೈಲು ಹತ್ತಿ 70 ಕಿಲೋಮೀಟರ್ ಹೋಗಿ, ಒಂದು ಗಂಟೆ ಕೂತು, ವಾಪಸ್ ಬರುತ್ತಿದ್ದೆ. ಜನ ಒಳ್ಳೆಯವರೇ. ಆದರೆ ಆಸೆ ಭಾನುವಾರ ನೋಡಿಕೊಂಡು ಬರುತ್ತದಾ? ಆ ಸಲ ಹೊಸತೊಡಕಿನ ದಿನ, ಮನೆ ತುಂಬಾ ಮಾಂಸದ ಘಮ, ಹಿತ್ತಲಲ್ಲಿ ಭಾವಂದಿರು ಬಾಟ್ಲಿ ತೆಗೆದಿದ್ದಾರೆ, ನನ್ನ ಗುಂಪು ನೋಡಿದರೆ ಬೆಂಗಳೂರಲ್ಲಿ. ಕುಡಿದೆ. ಮೂರು ವಾರ ಬಿಡದೆ ಕುಡಿದೆ.

ಆಮೇಲೆ ಊರಿನ ಮೀಟಿಂಗಿಗೇ ಹೋದೆ. ಬಾಗಿಲಲ್ಲಿ ಸಿಕ್ಕ ಮೊದಲ ಮುಖ ನಮ್ಮ ಬೀದಿಯವರದ್ದೇ. ಇಬ್ಬರೂ ಒಂದು ಗಳಿಗೆ ಪೆಚ್ಚಾದೆವು. ಅವರೇ ಕುರ್ಚಿ ಎಳೆದು ಹಾಕಿ, "ಕೂತ್ಕೊಳಿ, ಟೀ ಬರ್ತಿದೆ" ಅಂದರು. ಈಗಲೂ ಯಾವುದಾದರೂ ಸಂಜೆ ಮನಸ್ಸು ಅತ್ತಿತ್ತ ಆದರೆ ನಡೆದುಕೊಂಡೇ ಅವರ ಮನೆಗೆ ಹೋಗಿಬಿಡುತ್ತೇನೆ.

ನಾನು ಹೇಳುತ್ತಿರುವುದು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗ್ ಬಗ್ಗೆ. 1935ರಲ್ಲಿ ಅಮೆರಿಕದಲ್ಲಿ ಒಬ್ಬ ಷೇರು ವ್ಯವಹಾರದವನು, ಒಬ್ಬ ಸರ್ಜನ್, ಇಬ್ಬರೂ ಕುಡುಕರೇ, ಸೇರಿ ಶುರು ಮಾಡಿದ್ದು. ಫೀಸ್ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಒಂದಿದ್ದರೆ ಸಾಕು. ಭಾಷಣ ಯಾರೂ ಮಾಡುವುದಿಲ್ಲ, ಅವರವರ ಕಥೆ ಅವರು ಹೇಳುತ್ತಾರೆ, ಇಷ್ಟವಿಲ್ಲದಿದ್ದರೆ ಸುಮ್ನೆ ಕೂತು ಕೇಳಬಹುದು. ಒಳಗೆ ಯಾರನ್ನು ನೋಡಿದೆ ಅಂತ ಹೊರಗೆ ಹೇಳುವ ಹಾಗಿಲ್ಲ. ಮೀಟಿಂಗಿನ ಜಾಗ, ಸಮಯ ಬದಲಾಗುತ್ತಿರುತ್ತದೆ. ಹಾಗಾಗಿ ಎಎ ಇಂಡಿಯಾದವರ ವೆಬ್‌ಸೈಟ್ ನೋಡಿ, ಒಂದು ಫೋನ್ ಮಾಡಿಕೊಂಡೇ ಹೊರಡಿ.

ಗುಬ್ಬಿ, ತುರುವೇಕೆರೆ ಕಡೆ ಹಳ್ಳಿಯವರಾದರೆ ಮನೆಯ ಹೆಂಗಸರನ್ನೇ ಕೇಳಿ. ಧರ್ಮಸ್ಥಳ ಸಂಘ ಅವರಿಗೆ ಗೊತ್ತಿರುತ್ತದೆ. ಆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಸುಮಾರು ಒಂದು ವಾರ ಅಲ್ಲೇ ಇರಬೇಕು. ನನಗೆ ಮುಖ್ಯ ಅನ್ನಿಸುವುದು ಶಿಬಿರ ಮುಗಿದ ಮೇಲಿನದ್ದು. ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಅಂತ ಇದೆ, ಅದನ್ನು ತಪ್ಪಿಸಬೇಡಿ. ಹಾರ ಹಾಕಿಸಿಕೊಂಡು ಬಂದು, ಸಮಿತಿಯ ಕಡೆ ತಲೆ ಹಾಕದೆ, ತಿಂಗಳೊಳಗೆ ಮತ್ತೆ ಕ್ವಾರ್ಟರ್ ಹಿಡಿದವರನ್ನು ನೋಡಿದ್ದೇನೆ. ಶಿಬಿರದಲ್ಲಿ ಭಜನೆ, ಎಎಯಲ್ಲಿ ಪ್ರಾರ್ಥನೆ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೂ ದೇವರು ಅಷ್ಟಕ್ಕಷ್ಟೆ. ಟೀಗೆ, ಮಾತಿಗೆ ಹೋಗುತ್ತೇನೆ.

ಒಂದು ಮಾತು ಮಾತ್ರ ದಯವಿಟ್ಟು ಕೇಳಿ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ಒಂದು ಪೆಗ್ ಬಿದ್ದ ಮೇಲೇ ನಡುಕ ನಿಲ್ಲುವವರು, ಮನೆಯಲ್ಲೇ ಒಂದೇ ಏಟಿಗೆ ನಿಲ್ಲಿಸಬಾರದು. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಕುತ್ತು ಬರಬಹುದು. ಇದಕ್ಕೆ ಗುಂಪು ಸಾಲದು. ಮೊದಲು ಜಿಲ್ಲಾ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯದ ಕ್ಲಿನಿಕ್ ಇದೆಯಾ ಅಂತ ವಿಚಾರಿಸಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೆ, "ಗೊತ್ತಿಲ್ಲದಂತೆ ಸಾರಿಗೆ ಬೆರೆಸಿ" ಅಂತ ಮಾರುವ ಪುಡಿ. ನನ್ನ ಹೆಂಡತಿಯೂ ಒಮ್ಮೆ ಪಾಪ ಎರಡು ಸಾವಿರ ಕೊಟ್ಟು ತಂದಿದ್ದಳು. ಪುಡಿಯೊಳಗೆ ಏನಿದೆಯೋ ಯಾರಿಗೆ ಗೊತ್ತು. ಕುಡಿತ ಬಿಡಿಸೋಕೆ ಕೊಡುವ ಡೈಸಲ್ಫಿರಾಮ್ ಅನ್ನುವ ಔಷಧಿ ಏನಾದರೂ ಇದ್ದು, ಅವನು ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಬಿದ್ದು ಪ್ರಾಣವೇ ಹೋಗಬಹುದು. ಅದು ವೈದ್ಯರು ಕೊಟ್ಟು, ತೆಗೆದುಕೊಳ್ಳುವವನಿಗೆ ಗೊತ್ತಿದ್ದೇ ತೆಗೆದುಕೊಳ್ಳಬೇಕಾದ ಮಾತ್ರೆ.

"ಅವರು ಬರೋದೇ ಇಲ್ಲ ಅಂತಾರೆ ಅಣ್ಣಾ" ಅನ್ನುವವರಿಗೆ: ಹಾಗಾದರೆ ನೀವೇ ಹೋಗಿ. ಮನೆಯವರಿಗೆ ಅಂತಲೇ ಅಲ್-ಅನಾನ್ ಎಂಬ ಬೇರೆ ಗುಂಪು ಇದೆ, ಆನ್‌ಲೈನ್‌ನಲ್ಲೂ ಸೇರುತ್ತಾರೆ. ನನ್ನವಳು ನನಗಿಂತ ನಾಲ್ಕು ತಿಂಗಳು ಮೊದಲೇ ಅದಕ್ಕೆ ಸೇರಿದ್ದಳು. ನಾನು ಕುಡಿದು ಬಂದಾಗ ಬೈಯುವುದು ನಿಲ್ಲಿಸಿದಳು, ನನ್ನ ಬದಲು ಆಫೀಸಿಗೆ "ಜ್ವರ" ಅಂತ ಫೋನ್ ಮಾಡುವುದನ್ನೂ ನಿಲ್ಲಿಸಿದಳು. ನನಗೆ ಕುಡಿತದ ಮಜಾ ಹೋಗಿದ್ದು ಆಗಲೇ.

ಮೊದಲ ದಿನ ಒಬ್ಬರೇ ಹೋಗುವುದಕ್ಕೆ ಕಾಲೇ ಬರದಿದ್ದರೆ ಹೇಳಿ. ಟೌನ್ ಹಾಲ್ ಸರ್ಕಲ್ ಹತ್ತಿರ ನಿಂತಿರುತ್ತೇನೆ, ಜೊತೆಯಲ್ಲೇ ಹೋಗೋಣ. "ಫ್ರೆಂಡಿಗೆ" ಅಂತ ಬಂದರೂ ಪರವಾಗಿಲ್ಲ.